ನಿಡುಗಲ್ಲು ಸೀಮೆಯ ಜಿನಾಲಯಗಳು: ಶಿಲ್ಪ, ಶಾಸನ, ಗಾನ

ಕಲೆ ಸಂಸ್ಕೃತಿಯ ಕನ್ನಡಿ ಎಂಬ ಮಾತನ್ನು ನಾವು ಸಭೆಗಳಲ್ಲಿ ಪದೇ ಪದೇ ಕೇಳುತ್ತೇವೆ. ಕನ್ನಡಿಯು ಎದುರಿಗಿರುವುದನ್ನು ತೋರಿಸುತ್ತದೆಯೇ ಹೊರತು ರೂಪಿಸುವುದಿಲ್ಲ. ಸಂಸ್ಕೃತಿಯಾದರೋ ಎಲ್ಲಿ ಸಂಯಮ, ಎಲ್ಲಿ ಅಲಂಕಾರ ಎಂಬುದನ್ನು ಕಲೆಗೆ ನಿಯಮಿಸಿಕೊಡುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬೆಟ್ಟಗುಡ್ಡಗಳ ನಾಡು ಇದಕ್ಕೆ ಸಾಕ್ಷಿ. ಶಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿ ಗುಮ್ಮಟವಾಗಿ ಎದ್ದಿತು. ಮಧುಗಿರಿಯ ಮಲ್ಲಿನಾಥ ಬಸದಿಯು ಗರ್ಭಗೃಹದ ಮೌನವನ್ನು ಆಶ್ರಯಿಸಿತು. ನೆಲ ಒಂದೇ ಆದರೂ ಶ್ರದ್ಧೆ ಬೇರೆಯಾದುದರಿಂದ ಆಕೃತಿಯೂ ಬೇರೆಯಾಯಿತು.

ಪಾವಗಡ ತಾಲ್ಲೂಕಿನ ನಿಡುಗಲ್ಲು ಒಂದು ಕಾಲಕ್ಕೆ ಚೋಳ ವಂಶದ ಮಾಂಡಲಿಕರ ನೆಲೆಯಾಗಿತ್ತು. ಇರುಂಗೋಳನ ಆಳ್ವಿಕೆಯಲ್ಲಿ, 1232ರಲ್ಲಿ, ಗಂಗೇಯನ ಮಾರೆಯನೂ ಆತನ ಪತ್ನಿ ಬಾಚಲೆಯೂ ಕಾಳಾಂಜನವೆಂದೂ ಹೆಸರಾಗಿದ್ದ ಈ ಬೆಟ್ಟದ ಮೇಲೆ ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದರು. ಧರ್ಮಕಾರ್ಯವನ್ನು ದಂಪತಿಗಳ ಜಂಟಿ ಕಾರ್ಯವೆಂದು ಕಲ್ಲಿನಲ್ಲಿ ದಾಖಲಿಸಿರುವುದೇ ಆ ಸಮಾಜದ ಸಂಸ್ಕಾರವನ್ನು ತಿಳಿಸುತ್ತದೆ.

ಇದೇ ಸೀಮೆಗೆ ಹೊಂದಿಕೊಂಡು, ಇಂದು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಅಮರಾಪುರದ 1278ರ ಶಾಸನ ಇನ್ನೂ ಗಮನಾರ್ಹ. ಬಾಲೇಂದು ಮಲಧಾರಿದೇವರ ಶಿಷ್ಯನಾದ ಮಲ್ಲಿಸೆಟ್ಟಿಯು ತೈಲಂಗೆರೆಯ ಬ್ರಹ್ಮ ಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ 2000 ಅಡಕೆ ಮರಗಳನ್ನು ದತ್ತಿ ಬಿಟ್ಟನು. ಅದರ ಉತ್ಪನ್ನದಿಂದ ಜಿನಾಲಯವನ್ನು ತಳಪಾಯದಿಂದ ಕಳಶದವರೆಗೆ ಕಲ್ಲಿನಲ್ಲಿ ನಿರ್ಮಿಸಬೇಕು. ಮಹಾಮಂಟಪ, ಭದ್ರಮಂಟಪ, ಗೋಪುರ, ಮಾನಸ್ತಂಭ, ಮಕರತೋರಣಗಳಿರಬೇಕು ಎಂಬುದು ವಿಧಿ.

ಈ ಪಟ್ಟಿಯನ್ನು ವಿಮರ್ಶಕನ ಕಣ್ಣಿನಿಂದ ಓದಬೇಕು. ಅಲಂಕಾರವೆಲ್ಲ ಸುತ್ತಣ ಮಂಟಪಕ್ಕೆ, ತೋರಣಕ್ಕೆ, ಕಂಬಕ್ಕೆ ಸಲ್ಲುತ್ತದೆ. ನಡುವಿನ ಜಿನಬಿಂಬಕ್ಕೆ ಆಭರಣವಿಲ್ಲ, ಆಯುಧವಿಲ್ಲ, ಭಾವಾವೇಶವಿಲ್ಲ. ಅಪರಿಗ್ರಹವೆಂಬ ವ್ರತವೇ ಇಲ್ಲಿ ಶಿಲ್ಪನಿಯಮವಾಗಿದೆ. ದಾನದ ಸ್ವರೂಪವೂ ಹಾಗೆಯೇ: ಮೂಲ ಕರಗುವುದಿಲ್ಲ, ಫಲ ಮಾತ್ರ ವಿನಿಯೋಗವಾಗುತ್ತದೆ.

ಆ ಜಿನಾಲಯದ ಉಪಾಧ್ಯಾಯನು ಪಾಂಡ್ಯ ದೇಶದ ಜೈನ ಬ್ರಾಹ್ಮಣ. ತಮಿಳು ಸೀಮೆಯಿಂದ ಬಂದವನು ಕನ್ನಡ ನೆಲದಲ್ಲಿ ಪೂಜೆಗೆ ನಿಂತನು. ಹಾಗೆಂದು ಶಾಸನವು ಕನ್ನಡವನ್ನು ಬಿಡಲಿಲ್ಲ. ಹೊರಗಿನವರನ್ನು ಆದರಿಸುವುದಕ್ಕೂ ತನ್ನ ನುಡಿಯನ್ನು ಉಳಿಸಿಕೊಳ್ಳುವುದಕ್ಕೂ ಅಂದಿನವರಿಗೆ ವಿರೋಧ ಕಾಣಲಿಲ್ಲ.

ಗಾನದ ವಿಷಯದಲ್ಲಿ ಈ ಪಾಠ ನಮಗೆ ಇಂದು ಅಗತ್ಯ. ಹದಿನಾರನೆಯ ಶತಮಾನದಲ್ಲಿ ರತ್ನಾಕರವರ್ಣಿಯು 'ಭರತೇಶ ವೈಭವ'ವನ್ನು ಹಾಡಲು ಒದಗುವ ಸಾಂಗತ್ಯದಲ್ಲಿ ರಚಿಸಿದನು. ಭೋಗದ ನಡುವೆಯೂ ಯೋಗಿಯಾಗಿರಬಹುದೆಂಬ ಗಹನ ವಿಚಾರವನ್ನು ಓದುಬರಹ ಬಾರದ ಗೃಹಿಣಿಯೂ ಕೇಳಿ ಅರಿಯುವಂತಾಯಿತು. ಇಂದು ಹಲವು ಉತ್ಸವಗಳಲ್ಲಿ ಧ್ವನಿವರ್ಧಕದಿಂದ ಹೊರಡುವುದು ಚಲನಚಿತ್ರದ ಧಾಟಿಗೆ ಹೊಂದಿಸಿದ ಭಜನೆ. ಹಿಂದಿಯ ಪೂಜಾಪಾಠವೂ ಭಕ್ತಿಯೇ, ಅದರ ಬಗ್ಗೆ ಆಕ್ಷೇಪವಿಲ್ಲ. ಆದರೆ ರಾಗವು ಚಿತ್ರದ ದೃಶ್ಯವನ್ನು ನೆನಪಿಗೆ ತಂದರೆ ಸಾಮಾಯಿಕದ ಸಮಭಾವ ನಿಲ್ಲುವುದೆಲ್ಲಿ?

ಜೀರ್ಣೋದ್ಧಾರದಲ್ಲಿಯೂ ಇದೇ ಪ್ರಶ್ನೆ. ಸೋರುವ ಮಾಡನ್ನು ಸರಿಪಡಿಸಲೇಬೇಕು, ಭಕ್ತರಿಗೆ ಅನುಕೂಲವೂ ಬೇಕು ಎಂಬ ಟ್ರಸ್ಟುಗಳ ವಾದ ನ್ಯಾಯವಾದುದೇ. ಆದರೆ ಹಳೆಯ ಕಂಬಕ್ಕೆ ಎಣ್ಣೆಬಣ್ಣ ಬಳಿದು, ಶಾಸನವಿರುವ ಕಲ್ಲನ್ನು ನೆಲಹಾಸಿನಡಿ ಮುಚ್ಚಿ, ದಾನಿಗಳ ಹೆಸರಿನ ಹೊಳೆಯುವ ಫಲಕಗಳನ್ನು ಬಿಂಬದ ಸಮೀಪವೇ ನಿಲ್ಲಿಸಿದರೆ, ಹಿರಿಯರ ನಿಯಮ ತಲೆಕೆಳಗಾಗುತ್ತದೆ. ಸಂಯಮವಿರಬೇಕಾದ ಕಡೆ ಆಡಂಬರ ಬಂದು ಕೂಡುತ್ತದೆ.

ಆದುದರಿಂದ ಆಡಳಿತ ಮಂಡಳಿಗಳು ದುರಸ್ತಿಗೆ ಮೊದಲು ಇರುವ ಶಾಸನಗಳ ಪ್ರತಿ ತೆಗೆಸಲಿ. ಪರಿಣತರ ಸಲಹೆಯಿಲ್ಲದೆ ಕಲ್ಲನ್ನು ಕದಲಿಸದಿರಲಿ. ಪರ್ವದಿನಗಳಲ್ಲಿ ಸಾಂಗತ್ಯದ ಕೆಲವು ಪದ್ಯಗಳನ್ನಾದರೂ ಮಕ್ಕಳಿಂದ ಅರ್ಥಸಹಿತ ಹಾಡಿಸಲಿ. ಮಲ್ಲಿಸೆಟ್ಟಿಯ ದತ್ತಿಯಷ್ಟು ದೊಡ್ಡ ದಾನ ಎಲ್ಲರಿಂದಲೂ ಆಗದು. ಆತನ ವಿವೇಕವನ್ನು ಅನುಸರಿಸುವುದು ಮಾತ್ರ ಪ್ರತಿಯೊಂದು ಬಸದಿಗೂ ಸಾಧ್ಯ.