ಸ್ವಭಾವೋಕ್ತಿಯೂ ಛಾಯಾಚಿತ್ರವೂ

ಅಲಂಕಾರಶಾಸ್ತ್ರದಲ್ಲಿ ಒಂದು ಹಳೆಯ ವ್ಯಾಜ್ಯವುಂಟು. ಸಂಜೆಯಾಯಿತು, ಹಕ್ಕಿಗಳು ಗೂಡಿಗೆ ತೆರಳುತ್ತಿವೆ ಎಂದಷ್ಟೇ ಹೇಳಿದರೆ ಅದು ಕಾವ್ಯವಾದೀತೇ, ಬರಿಯ ವಾರ್ತೆಯಲ್ಲವೇ ಎಂದು ಭಾಮಹನು ಆಕ್ಷೇಪಿಸುವನು. ದಂಡಿಯಾದರೋ ವಸ್ತುವನ್ನು ಇದ್ದಂತೆಯೇ ಕಣ್ಣಿಗೆ ಕಟ್ಟಿಸುವ ಸ್ವಭಾವೋಕ್ತಿಯನ್ನು ಅಲಂಕಾರಗಳ ಸಾಲಿನಲ್ಲಿ ಮೊದಲಿಗಿರಿಸಿ, ಅದಕ್ಕೆ ಗಿಳಿಗಳನ್ನೂ ಪಾರಿವಾಳವನ್ನೂ ಉದಾಹರಣೆಯಾಗಿ ತಂದಿರುವನು. ಮುಂದೆ ಕುಂತಕನು ಬಂದು, ಸ್ವಭಾವವು ಅಲಂಕರಿಸಿಕೊಳ್ಳಬೇಕಾದ ಶರೀರವೇ ಹೊರತು ತಾನೇ ಅಲಂಕಾರವಲ್ಲ, ತನ್ನ ಹೆಗಲನ್ನು ತಾನೇ ಏರಿದವರುಂಟೇ ಎಂದು ಕೇಳಿದನು. ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ್ದ ಈ ಮತಭೇದವು ನನಗೆ ನಿಜವಾಗಿ ಅರ್ಥವಾದುದು ನಿವೃತ್ತನಾದ ಮೇಲೆ, ಬಿ.ಜಿ. ಕೆರೆಯ ನಮ್ಮ ಮನೆಯ ಜಗಲಿಯಲ್ಲಿ, ಒಂದು ಹಕ್ಕಿಯ ಛಾಯಾಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಗ. ಅರ್ಥವಾದುದು ಸುಖವಾದ ರೀತಿಯಲ್ಲಲ್ಲ.

ಸಂಗತಿಯನ್ನು ಮೊದಲು ಅರಿಕೆ ಮಾಡಿಬಿಡುವೆನು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕ್ಯಾಮೆರಾ ಹಿಡಿದು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕಾವಲುಗಳನ್ನೂ ಗುಡ್ಡಗಳನ್ನೂ ಸುತ್ತುವವನು. ಕಳೆದ ಬೇಸಗೆಯಲ್ಲಿ ಅವನ ಮೂವತ್ತು ಚಿತ್ರಗಳನ್ನು ಊರಿನಲ್ಲಿ ಗೋಡೆಗೆ ತೂಗುಹಾಕಿ, ನಾಲ್ಕು ಮಾತನಾಡಬೇಕೆಂದು ನನ್ನನ್ನು ಕರೆದರು. ನಾನು ಆರಿಸಿ ಹೊಗಳಿದುದು ಒಂದು ಟಿಟ್ಟಿಭದ ಚಿತ್ರವನ್ನು. ರೆಕ್ಕೆಗಳೆರಡನ್ನೂ ನೆಲಕ್ಕೆ ಹರಡಿ, ಬಾಲವನ್ನು ಬೀಸಣಿಗೆಯಂತೆ ಬಿಡಿಸಿ, ಕೊಕ್ಕು ತೆರೆದು ನಿಂತಿದ್ದ ಆ ಹಕ್ಕಿಯ ಒಂದೊಂದು ಗರಿಯನ್ನೂ ಎಣಿಸಬಹುದಾಗಿತ್ತು. ಹಿಂದಣ ನೆಲವು ಅರಿಸಿನದ ಹೊಗೆಯಂತೆ ಕರಗಿಹೋಗಿತ್ತು. ದಂಡಿಯ ಲಕ್ಷಣಕ್ಕೆ ಇದೇ ಲಕ್ಷ್ಯ ಎಂದು ನಾನು ಘೋಷಿಸಿದೆನು. ಸಭೆಯು ಚಪ್ಪಾಳೆ ತಟ್ಟಿತು. ಆಮೇಲೆ ಕಾಫಿ ಕುಡಿಯುವಾಗ, "ಈ ಭಂಗಿ ನಿನಗೆ ಹೇಗೆ ಸಿಕ್ಕಿತಯ್ಯಾ?" ಎಂದೆನು. "ಮೊಟ್ಟೆಯ ಹತ್ತಿರ ಹೋಗಿ ಕುಳಿತರೆ ಆಯಿತು, ಮೇಷ್ಟ್ರೇ. ಅದು ತಾನಾಗಿಯೇ ಹಾಗೆ ಮಾಡುತ್ತದೆ" ಎಂದನು. ಅವನಲ್ಲಿ ಕಪಟವಿರಲಿಲ್ಲ. ನನಗೂ ಆಗ ಏನೂ ಹೊಳೆಯಲಿಲ್ಲ.

ಮರುವಾರ, ನನ್ನ ಹೊಗಳಿಕೆಯನ್ನು ಕೇಳಿದ್ದ ನಾಲ್ಕೈದು ಜನ ಕ್ಯಾಮೆರಾ ಇದ್ದವರು ಅದೇ ಭಂಗಿಗಾಗಿ ಅದೇ ಜಾಗಕ್ಕೆ ಹೋದರು. ಎಂಟನೆಯ ದಿನ ಹುಡುಗನು ಹೋಗಿ ನೋಡುವಾಗ ಮೊಟ್ಟೆಗಳಿಗೆ ಇರುವೆ ಮುತ್ತಿತ್ತು. ಈ ಹಕ್ಕಿಯು ಗೂಡು ಕಟ್ಟುವುದಿಲ್ಲ. ಬಯಲಿನ ಹರಳುಗಳ ನಡುವೆ ಹರಳಿನ ಬಣ್ಣದ್ದೇ ಮೊಟ್ಟೆಗಳನ್ನಿಟ್ಟು, ಬೇಸಗೆಯ ನಡುಹಗಲಿನಲ್ಲಿ ಅವುಗಳಿಗೆ ಕಾವು ಕೊಡುವುದಕ್ಕಲ್ಲ, ನೆರಳು ಕೊಡುವುದಕ್ಕೆ ನಿಲ್ಲುತ್ತದೆ. ನೀರಿದ್ದಲ್ಲಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಣಿಸುತ್ತದೆ. ಏಪ್ರಿಲ್ ತಿಂಗಳ ನಮ್ಮ ನೆಲದ ಮೇಲೆ ತಾಯಿಯನ್ನು ಅರ್ಧ ಗಳಿಗೆ ದೂರವಿರಿಸಿದರೂ ಮೊಟ್ಟೆಯೊಳಗಿನ ಜೀವವು ಬೆಂದುಹೋಗಬಹುದು. ನಾನು ನರ್ತನವೆಂದು ಹೊಗಳಿದ್ದು ಆ ತಾಯಿಯ ಸಂಕಟವನ್ನು. ಪಂಚತಂತ್ರದ ಟಿಟ್ಟಿಭವು ತನ್ನ ಮೊಟ್ಟೆಗಳನ್ನು ಕದ್ದ ಸಮುದ್ರದ ಮೇಲೆಯೇ ಜಗಳಕ್ಕೆ ನಿಂತು ಗೆದ್ದಿತು. ನಮ್ಮ ಬಯಲಿನ ಟಿಟ್ಟಿಭದ ಮೊಟ್ಟೆಗಳನ್ನು ನುಂಗಿದ ಸಮುದ್ರದಲ್ಲಿ ನನ್ನ ಪ್ರಶಂಸೆಯೂ ಒಂದು ಅಲೆಯಾಗಿತ್ತು.

ಇಲ್ಲಿಂದ ವಿಮರ್ಶೆಯ ಮಾತು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯ ವರ್ಣನೆಯನ್ನು ಸ್ವಭಾವೋಕ್ತಿಗೂ ಭಯಾನಕಕ್ಕೂ ಮೇಲಾದ ನಿದರ್ಶನವೆಂದು ನಾವೆಲ್ಲರೂ ಓದಿರುವೆವು. ಕೊರಳು ತಿರುಗಿಸಿ ನೋಡುವ ಆ ಚೆಲುವು ಭಯದಿಂದಲೇ ಹುಟ್ಟಿದ್ದು. ಹಾಗಾದರೆ ಹೆದರಿದ ಟಿಟ್ಟಿಭದ ಚಿತ್ರಕ್ಕೆ ಏನು ದೋಷ ಎಂದು ಕೇಳುವವರಿರುವರು, ನಾನೇ ಕೇಳಿಕೊಂಡೆನು. ಉತ್ತರ ಇಷ್ಟೇ: ಕಾವ್ಯದ ಜಿಂಕೆಯು ಎಷ್ಟು ಹೆದರಿದರೂ ಯಾವ ಕಾಡಿನ ಯಾವ ಜಿಂಕೆಗೂ ಎದೆ ಬಡಿದುಕೊಳ್ಳುವುದಿಲ್ಲ. ಅಲ್ಲಿಯ ಭಯವು ಅಲೌಕಿಕ, ಆದುದರಿಂದಲೇ ಅದು ರಸವಾಗಬಲ್ಲದು. ಛಾಯಾಚಿತ್ರಕ್ಕೆ ಆ ಭಾಗ್ಯವಿಲ್ಲ. ಅಲ್ಲಿ ಕಾಣುವ ಪ್ರತಿಯೊಂದು ಭಯವನ್ನೂ ಒಂದು ನಿಜವಾದ ಪ್ರಾಣಿಯು ಪಟ್ಟಿರಬೇಕು. ಹದ್ದನ್ನೋ ನರಿಯನ್ನೋ ಕಂಡು ಹೆದರಿದ್ದರೆ ಅದು ಅದರ ಬಾಳಿನ ಭಾಗ. ಚಿತ್ರ ತೆಗೆಯುವವನಿಗೇ ಹೆದರಿದ್ದರೆ, ಆ ಚಿತ್ರದ ವಿಷಯ ಹಕ್ಕಿಯಲ್ಲ, ಚೌಕಟ್ಟಿನ ಹೊರಗೆ ಕುಳಿತ ಮನುಷ್ಯನು. ಹಕ್ಕಿಯ ಸ್ವಭಾವವೆಂದು ನಾನು ಓದಿದ್ದು ನನ್ನ ಶಿಷ್ಯನ ಸ್ವಭಾವವನ್ನು!

ಸರೀಸೃಪಗಳ ವಿಷಯದಲ್ಲಿ ಈ ದೋಷವು ಇನ್ನೂ ಬೇರೂರಿದೆ. ನಾಗರಹಾವಿನ ನೂರು ಚಿತ್ರಗಳನ್ನು ತೆಗೆದುಕೊಳ್ಳಿ. ತೊಂಬತ್ತರಲ್ಲಿ ಅದು ಹೆಡೆಯೆತ್ತಿರುತ್ತದೆ. ನಾಗರಕಲ್ಲಿನ ಶಿಲ್ಪಿಯು ಹಾಗೆ ಕಡೆದರೆ ಅದು ಸಂಕೇತ, ಸರಿ. ಆದರೆ ಜೀವಂತ ನಾಗರವು ತನ್ನ ಪಾಡಿಗೆ ಹರಿದಾಡುವಾಗ, ಬಿಸಿಲು ಕಾಯುವಾಗ, ಇಲಿಯ ಬಿಲವನ್ನು ಅರಸುವಾಗ ಹೆಡೆಯನ್ನು ಬಿಚ್ಚುವುದಿಲ್ಲ. ಬೆದರಿದಾಗ, ಬೆದರಿಸಬೇಕಾದಾಗ ಬಿಚ್ಚುತ್ತದೆ. ಹಾವನ್ನು ಕೋಲಿನಿಂದ ಕೆಣಕಿಯೋ, ಅದಕ್ಕಿಂತ ಹೇಯವಾಗಿ ಶೀತಲಪೆಟ್ಟಿಗೆಯಲ್ಲಿಟ್ಟು ಜಡಗೊಳಿಸಿ ಬೇಕಾದ ಕೊಂಬೆಯ ಮೇಲೆ ಸುತ್ತಿಯೋ ತೆಗೆದ ಚಿತ್ರಗಳು ಬಹುಮಾನಗಳನ್ನು ಸಹ ಪಡೆದಿರುವುದುಂಟು. ಅನೌಚಿತ್ಯದಿಂದ ರಸಭಂಗವೆಂದ ಆನಂದವರ್ಧನನಿಗೆ ಇವನ್ನು ತೋರಿಸಬೇಕಾಗಿತ್ತು.

ಇದಕ್ಕೆ ಪ್ರತಿಯಾಗಿ ನಮ್ಮ ಬಂಡೆಗಳ ಓತಿಕ್ಯಾತನನ್ನು ನೋಡಿರಿ. ಬೆದೆಗಾಲದಲ್ಲಿ ಗಂಡಿನ ಬೆನ್ನು ಕೆಂಡದಂತೆ, ಪಕ್ಕೆಗಳು ಮಸಿಯಂತೆ ಆಗುವುವು. ಹೆಣ್ಣನ್ನು ಕಂಡಾಗಲೂ ಇನ್ನೊಂದು ಗಂಡನ್ನು ಕಂಡಾಗಲೂ ಆ ಬಣ್ಣಗಳು ಕ್ಷಣಗಳಲ್ಲಿ ಮಾರ್ಪಡುವುವು. ಹಿಂದೊಮ್ಮೆ ತರಗತಿಯ ಹುಡುಗನು ಒಂದನ್ನು ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟಾಗ ಅದು ಬೂದಿಯ ಬಣ್ಣಕ್ಕೆ ತಿರುಗಿದ್ದಿತು. ಇದನ್ನು ಬಲಾತ್ಕಾರದಿಂದ ಚಿತ್ರಿಸಲಾಗದು. ದೂರದಲ್ಲಿ ಕುಳಿತು, ತಾನು ಇಲ್ಲದವನಂತಾಗಿ, ಅದು ತನ್ನ ಸಂಸಾರಕ್ಕೆ ಮರಳುವವರೆಗೆ ಕಾದವನಿಗೆ ಮಾತ್ರ ಆ ಬಣ್ಣ. ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಇವು ಬೇಕಾದಷ್ಟಿವೆ. ೧೮೯೨ರಲ್ಲಿ ಬಿ.ಎಲ್. ರೈಸರು ಗುರುತಿಸಿದ ಅಶೋಕನ ಶಾಸನವನ್ನು ನೋಡಲು ಬರುವವರು ಅದೇ ಬಂಡೆಗಳ ಮೇಲಿನ ಈ ನಿವಾಸಿಗಳನ್ನು ಕಣ್ಣೆತ್ತಿ ನೋಡುವುದಿಲ್ಲ. ಸೀತೆಗಾಗಿ ಹೋರಾಡಿದ ಜಟಾಯುವು ಬಿದ್ದದ್ದು ಅಲ್ಲಿಯೇ ಎಂಬುದು ನಮ್ಮ ಸೀಮೆಯವರ ನಂಬಿಕೆ.

ಹಿಂದಿನವರ ಮೇಲೆ ಇಂದಿನ ತಕ್ಕಡಿಯನ್ನು ಹಿಡಿಯಲಾರೆನು. ಇಂಗ್ಲೆಂಡಿನ ಕಿಯರ್ಟನ್ ಸೋದರರು ೧೮೯೫ರಲ್ಲಿ ಹಕ್ಕಿಗೂಡುಗಳ ಛಾಯಾಚಿತ್ರಗಳಿಂದಲೇ ಒಂದು ಪುಸ್ತಕವನ್ನು ಪ್ರಕಟಿಸಿದರು. ಆಮೇಲೆ ಟೊಳ್ಳುಮಾಡಿದ ಎತ್ತಿನ ತೊಗಲಿನೊಳಗೆ ಕ್ಯಾಮೆರಾದೊಡನೆ ಅಡಗಿ ಕುಳಿತವರೂ ಅವರೇ. (ಆ ಎತ್ತನ್ನು ನಮ್ಮ ಹಳ್ಳಿಕಾರ ತಳಿಯವು ಕಂಡಿದ್ದರೆ ಏನೆನ್ನುತ್ತಿದ್ದವೋ.) ನಮ್ಮಲ್ಲಿ ಬೆಂಗಳೂರಿನ ಇ. ಹನುಮಂತರಾಯರೂ ಟಿ.ಎನ್.ಎ. ಪೆರುಮಾಳರೂ ಈ ಕಲೆಗೆ ದೇಶಾಂತರಗಳಲ್ಲಿ ಕೀರ್ತಿ ತಂದ ತಲೆಮಾರಿನಲ್ಲಿ ಫಿಲ್ಮು ಮಂದ, ಲೆನ್ಸು ಗಿಡ್ಡ. ಹಕ್ಕಿಯು ಮರಳಿ ಬಂದೇ ಬರುವುದೆಂದು ನೆಚ್ಚಬಹುದಾದ ಸ್ಥಳ ಗೂಡೊಂದೇ ಆಗಿತ್ತು. ಗೂಡಿನ ಪಕ್ಕದಲ್ಲಿ ಮರೆಯನ್ನು ಕಟ್ಟಿಕೊಂಡು ದಿನಗಟ್ಟಲೆ ಕುಳಿತುಕೊಳ್ಳುವುದು ಜಗತ್ತಿನಲ್ಲೆಲ್ಲಾ ರೂಢಿಯಾಗಿತ್ತು. ಇಂದು ನೂರು ಗಜದಾಚೆಯಿಂದ ಹಾರುವ ಹಕ್ಕಿಯ ಕಣ್ಣನ್ನೇ ಹಿಡಿಯಬಲ್ಲ ಯಂತ್ರವು ಕೈಯಲ್ಲಿರುವಾಗ ಗೂಡಿಗೆ ಹೋಗುವವನಿಗೆ ಆ ನೆಪವಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗಳನ್ನೋ ಗೂಡುಗಳನ್ನೋ ಕದಡುವುದನ್ನು 'ಬೇಟೆ' ಎಂಬ ಪದದ ಅರ್ಥದೊಳಗೇ ಸೇರಿಸಿದೆ. ನಿಘಂಟುಕಾರರಿಗಿಂತ ಕಾನೂನು ಬರೆದವರು ಇಲ್ಲಿ ಸೂಕ್ಷ್ಮಗ್ರಾಹಿಗಳು.

ಇನ್ನೊಂದು ದೋಷವನ್ನು ನಾನು ಗುಣವೆಂದೇ ಭಾಷಣದಲ್ಲಿ ಎತ್ತಿ ಹೇಳಿದ್ದೆನು: ಕರಗಿಹೋದ ನೆಲ. ದೊಡ್ಡ ಲೆನ್ಸುಗಳ ಮಹಿಮೆಯಿಂದ ಹಕ್ಕಿಯೊಂದು ಉಳಿದು ಹಿಂದಿನದೆಲ್ಲಾ ಬಣ್ಣದ ಮಬ್ಬಾಗುವುದು ಈಗಿನ ಅಭಿರುಚಿ. ಆಭರಣದಂಗಡಿಯ ಮಕಮಲ್ಲಿನ ಮೇಲೆ ಓಲೆಯನ್ನಿಟ್ಟಂತೆ. ಆದರೆ ಟಿಟ್ಟಿಭದ ಮೊಟ್ಟೆಯ ಬಣ್ಣಕ್ಕೆ ಅರ್ಥವಿರುವುದು ಆ ಹರಳುಗಳಿಂದ. ಸಂಡೂರಿನ ಎಂ.ವೈ. ಘೋರ್ಪಡೆಯವರು (೧೯೩೧–೨೦೧೧) ಕಪ್ಪು-ಬಿಳುಪಿನಲ್ಲಿ, ಬಿಸಿಲು ನೆರಳುಗಳ ಆಟದಲ್ಲಿ ವನ್ಯಮೃಗಗಳನ್ನು ಚಿತ್ರಿಸಿದರು. ಅವರ ಒಳ್ಳೆಯ ಚಿತ್ರಗಳಲ್ಲಿ ಬೆಳಕು ಬಿದ್ದಿರುವುದು ಮೃಗದ ಮೇಲಷ್ಟೇ ಅಲ್ಲ, ಅದು ನಿಂತ ಜಾಗದ ಮೇಲೆಯೂ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) 'ಹಕ್ಕಿ-ಪುಕ್ಕ', 'ಮಿಂಚುಳ್ಳಿ'ಗಳಲ್ಲಿ ಬೇರೊಂದು ದಾರಿ ಹಿಡಿದರು. ಚಿತ್ರವು ಬಿಟ್ಟ ನೆಲವನ್ನು, ಆಹಾರವನ್ನು, ಕೂಗನ್ನು ಪಕ್ಕದ ಗದ್ಯವು ತುಂಬಿಕೊಡುತ್ತದೆ. ಕನ್ನಡದಲ್ಲಿ ಚಿತ್ರವೂ ಮಾತೂ ಹೀಗೆ ಕೈಹಿಡಿದು ನಡೆದ ಪುಸ್ತಕಗಳು ವಿರಳ. ಕುಂತಕನಿಗೆ ಕೊಡಬೇಕಾದ ಉತ್ತರವೂ ನನಗೆ ಅಲ್ಲಿಯೇ ದೊರಕಿತು: ಸ್ವಭಾವವು ಬರಿಯ ಶರೀರವಲ್ಲ, ಶರೀರಕ್ಕೂ ಅದರ ನೆಲೆಗೂ ಇರುವ ಸಂಬಂಧ. ಆ ಸಂಬಂಧವನ್ನು ಕಾಣಿಸುವುದೇ ಕಲೆಗಾರನ ಕೆಲಸವಾದ್ದರಿಂದ ಅದು ಅಲಂಕಾರವೂ ಹೌದು.

ಇದು ಶಾಸ್ತ್ರದ ಚಪಲವಲ್ಲ. ನಮ್ಮ ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳನ್ನು ಪಾಳುಬಯಲೆಂದು ಕರೆದವರು ಬಹಳ. ಕುದಾಪುರದ ಸುತ್ತ ಭಾರತೀಯ ವಿಜ್ಞಾನ ಸಂಸ್ಥೆಗೆ ೧,೫೦೦ ಎಕರೆ, ರಕ್ಷಣಾ ಸಂಶೋಧನೆಯವರಿಗೆ ೪,೨೯೦ ಎಕರೆ, ಇನ್ನೂ ಕೆಲವು ಸಂಸ್ಥೆಗಳಿಗೆ ಸಾವಿರಾರು ಎಕರೆ ಹುಲ್ಲುಗಾವಲು ಹೋಯಿತು. ೨೦೧೭ರಲ್ಲಿ ವಿಮಾನಪರೀಕ್ಷೆಯ ನೆಲೆಯು ಅಲ್ಲಿ ತೆರೆಯಿತು. ವಿಜ್ಞಾನವು ಬೇಡವೆಂದು ನಾನು ಹೇಳುವವನಲ್ಲ. ಆದರೆ ಆ ನೆಲದಲ್ಲಿ ಕೃಷ್ಣಮೃಗವಿದ್ದಿತು, ಹುಲ್ಲಿನ ನಡುವೆ ಜಿಗಿದು ಕುಣಿಯುವ ಫ್ಲಾರಿಕನ್ ಹಕ್ಕಿಯಿದ್ದಿತು, ಎರೆಭೂತನ ಹೆಸರನ್ನು ಬಲ್ಲ ಕುರಿಗಾಹಿಗಳಿದ್ದರು. ಅಲ್ಲಿ ಏನಿತ್ತೆಂದು ಕೇಳುವವರಿಗೆ ಹಕ್ಕಿಯನ್ನು ಉಳಿಸಿ ಹುಲ್ಲನ್ನು ಅಳಿಸಿದ ಚಿತ್ರವು ಏನು ಸಾಕ್ಷ್ಯ ಹೇಳೀತು? ಬಯಲು ಬರಿದೆಂದವರ ಮಾತನ್ನೇ ಅದು ಇನ್ನೊಂದು ಬಗೆಯಲ್ಲಿ ಹೇಳುವುದು.

ಇಷ್ಟನ್ನೂ ಶಿಷ್ಯನೊಡನೆ ಆಡಿ, ನನ್ನ ತಪ್ಪನ್ನೂ ಒಪ್ಪಿಕೊಂಡಿದ್ದೆನು. ಅವನು ಬಹಳ ಹೊತ್ತು ಮಾತನಾಡದೆ ಎದ್ದುಹೋದನು. ಮುನಿಸಿಕೊಂಡನೆಂದೇ ಬಗೆದಿದ್ದೆನು.

ಹೋದ ತಿಂಗಳು ಬಂದು ಒಂದೇ ಒಂದು ಚಿತ್ರವನ್ನು ಮುಂದಿಟ್ಟನು. ಮೂರು ಪಾಲು ಆಕಾಶ, ಒಂದು ಪಾಲು ನೆಲ. ದೂರದಲ್ಲಿ ಗುಡ್ಡದ ಸಾಲು, ಒಂದು ಜಾಲಿಯ ಮರ, ಅದರಾಚೆ ಕುರಿಗಳ ಧೂಳು. "ಹಕ್ಕಿ ಎಲ್ಲಿದೆ ಹೇಳಿ, ಮೇಷ್ಟ್ರೇ" ಎಂದನು. ಕನ್ನಡಕವನ್ನು ಒರೆಸಿಕೊಂಡು ಹುಡುಕಿದೆನು. ಎಡಗಡೆಯ ಕೆಳಮೂಲೆಯಲ್ಲಿ, ತನ್ನ ನೆರಳನ್ನು ಹರಳುಗಳ ಮೇಲೆ ಚೆಲ್ಲಿ, ಟಿಟ್ಟಿಭವು ಸುಮ್ಮನೆ ನಿಂತಿತ್ತು. ಅದರ ಕಾಲ ಬಳಿ ಮೊಟ್ಟೆಗಳಿದ್ದವೋ ಕಲ್ಲುಗಳಿದ್ದವೋ ತಿಳಿಯಲಿಲ್ಲ. "ಇದು ಯಾವ ಕಾವಲು?" ಎಂದು ಕೇಳಿದೆನು. ನಕ್ಕನು, ಹೇಳಲಿಲ್ಲ.