ತತ್ತ್ವಪದವೂ ಎರಡನೆಯ ಗೀತಸಂಪುಟವೂ

ರಾಕ್ ಸಂಗೀತದ ವಿಮರ್ಶೆಯಲ್ಲಿ ತಂಡವೊಂದರ ಎರಡನೆಯ ಗೀತಸಂಪುಟಕ್ಕೆ ವಿಶೇಷ ಮಹತ್ತ್ವವುಂಟು. ಅಮೆರಿಕದ ನಿರ್ವಾನಾ ತಂಡದ ಮೊದಲ ಸಂಪುಟವು (1989) ಕೆಲವರಿಗಷ್ಟೆ ತಿಳಿದಿತ್ತು. ಎರಡನೆಯದಾದ ‘ನೆವರ್‌ಮೈಂಡ್’ (1991) ಆ ತಂಡವನ್ನು ಲೋಕವಿಖ್ಯಾತವನ್ನಾಗಿಸಿತು. ನಮ್ಮ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ವಿಷಯ ಹಾಗಲ್ಲ. ಶಿಶುನಾಳ ಶರೀಫರ ಪದಗಳನ್ನೊಳಗೊಂಡ 2008ರ ‘ಅಂತರಾಗ್ನಿ’ಯೇ ಅದಕ್ಕೆ ಹೆಸರು ತಂದಿತು, 2011ರಲ್ಲಿ ತಂಡವು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಆದುದರಿಂದ 2013ರ ‘ಜಗ್ ಚಂಗಾ’ ಸಂಪುಟವನ್ನು ಕೀರ್ತಿಯಿಂದ ಅಳೆಯುವುದು ವ್ಯರ್ಥ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ನಿಂತ ತತ್ತ್ವಪದವು ತನ್ನ ಅರ್ಥವನ್ನು ಉಳಿಸಿಕೊಂಡಿತೇ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯನ್ನು ಬೆಳಗಾವಿಯ ನೇಕಾರರ ಬಡಾವಣೆಯಾದ ಖಾಸಬಾಗದಲ್ಲಿ ನಿಂತು ಕೇಳುವುದು ಉಚಿತವಾಗಿದೆ. ಇಲ್ಲಿಯೂ ಖಾನಾಪುರದ ಹಳ್ಳಿಗಳಲ್ಲಿಯೂ ಕನ್ನಡ ಮರಾಠಿಗಳೆರಡರ ಭಜನೆಯೂ ಕಿವಿಗೆ ಪರಿಚಿತ. ಭಾಷೆಗಳ ಸಹವಾಸದಿಂದ ಪದ ಕೆಡುವುದಿಲ್ಲವೆಂಬುದು ಇಲ್ಲಿಯವರಿಗೆ ಹೊಸ ಮಾತಲ್ಲ. ಭಜನೆಯ ಮೇಳದಲ್ಲಿ ಒಬ್ಬನು ನುಡಿಯನ್ನು ಹೇಳುತ್ತಾನೆ, ಉಳಿದವರು ಪಲ್ಲವನ್ನು ಎತ್ತಿಕೊಳ್ಳುತ್ತಾರೆ. ದಮ್ಮಡಿ ತಾಳಗಳ ಲಯ ಬರಬರುತ್ತ ಏರುತ್ತದೆ. ವೇಗವಾಗಲಿ ಗುಂಪಿನ ದನಿಯಾಗಲಿ ತತ್ತ್ವಪದಕ್ಕೆ ಹೊರಗಿನವಲ್ಲ. ಗಿಟಾರ್ ಬಂದುದರಿಂದಲೇ ಪದ ಕೆಟ್ಟಿತೆಂಬ ಆಕ್ಷೇಪವೂ ನಿಲ್ಲದು. ವಾದ್ಯ ಯಾವುದೆಂಬುದಕ್ಕಿಂತ ಅದು ನುಡಿಗೆ ಎಡೆಗೊಡುವುದೇ ಎಂಬುದು ಮುಖ್ಯ.

ಸಂಪುಟದಲ್ಲಿರುವ ಶರೀಫರ (1819–1889) ಎರಡು ಪದಗಳನ್ನು ಹೋಲಿಸಿ ನೋಡೋಣ. ‘ಲೋಕದ ಕಾಳಜಿ’ ವಿಡಂಬನೆಯ ಪದ. ಲೋಕದ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತೆನೆನ್ನುವವನನ್ನು ಅದು ಕೆಣಕುತ್ತದೆ. ಇದರ ಅರ್ಥ ಕೇಳಿದೊಡನೆ ಹೊಳೆಯುವಂಥದು. ಸಭೆಯೆಲ್ಲ ಪಲ್ಲವನ್ನು ಹಾಡಿದಾಗ ಹಾಡುವವರೇ ಕೆಣಕಿಸಿಕೊಳ್ಳುವವರೂ ಆಗುತ್ತಾರೆ. ಇಲ್ಲಿ ರಾಕ್ ಮೇಳದ ಹುರುಪು ಪದದ ಉದ್ದೇಶವನ್ನೇ ಬೆಳೆಸಿದೆ.

‘ಕೋಡಗನ ಕೋಳಿ ನುಂಗಿತ್ತ’ ಎಂಬುದರ ರೀತಿ ಬೇರೆ. ಅದು ಬೆಡಗಿನ ಪದ. ಒಂದನ್ನೊಂದು ನುಂಗುವ ವಿಪರೀತ ಚಿತ್ರಗಳ ಸಾಲು ಕೊನೆಗೆ ಗುರು ಗೋವಿಂದನ ಪಾದದಲ್ಲಿ ‘ನಾನು’ ಎಂಬುದೇ ಲಯವಾಗುವಲ್ಲಿ ಮುಗಿಯುತ್ತದೆ. ಮೊದಲಿನ ನುಂಗುವಿಕೆಗಳೆಲ್ಲ ವಿನೋದವೆನಿಸಿದರೂ ಕೊನೆಯದು ಅನುಭಾವ. ಈ ತಿರುವಿಗೆ ಒಂದಿಷ್ಟು ತಡೆ ಬೇಕು. ಕುಣಿತದ ಲಯವು ಎಲ್ಲ ನುಡಿಗಳನ್ನೂ ಒಂದೇ ಓಟದಲ್ಲಿ ಒಯ್ದಾಗ ಕೊನೆಯದೂ ವಿನೋದಗಳಲ್ಲೊಂದಾಗಿ ಕೇಳಿಬರುತ್ತದೆ. ಕೇಳುಗನು ನಲಿಯುತ್ತಾನೆ, ಆದರೆ ಒಗಟನ್ನು ಬಿಡಿಸಲು ತೊಡಗುವುದಿಲ್ಲ.

ಹೊಕ್ಕನ್ನು ಅತಿ ಒತ್ತಾಗಿ ಬಡಿದರೆ ಹಾಸು ಮುಚ್ಚಿಹೋಗುತ್ತದೆಂಬುದನ್ನು ಮಗ್ಗದ ಮುಂದೆ ಕುಳಿತವರು ಬಲ್ಲರು. ತತ್ತ್ವಪದದಲ್ಲಿ ನುಡಿಯೇ ಹಾಸು. ‘ಜಗ್ ಚಂಗಾ’ದಲ್ಲಿ ಅದು ಒಮ್ಮೆ ಎದ್ದು ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ. ಆದರೂ ಗ್ರಂಥದ ಮೂಲಕ ಶರೀಫರನ್ನು ಎಂದೂ ಅರಸದಿದ್ದ ತರುಣರ ಬಾಯಿಗೆ ಈ ಪದಗಳು ಬಂದಿರುವುದು ಸಣ್ಣ ಲಾಭವೇನಲ್ಲ. ಬಾಯಿಗೆ ಬಂದ ಪದವನ್ನು ತರಗತಿಯಲ್ಲಿ ಸಾವಕಾಶವಾಗಿ ಓದಿಸಿ, ಅದರ ಬೆಡಗನ್ನು ಬಿಡಿಸಿ ತೋರಿಸುವ ಹೊಣೆ ಇನ್ನು ಅಧ್ಯಾಪಕರಾದ ನಮ್ಮದು.