ಇಪ್ಪತ್ತೊಂಬತ್ತು ಅಂಕೆಗಳ ಗಾಥೆ

ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು 10ನೆಯ ಶತಮಾನದಲ್ಲಿ ಚಾವುಂಡರಾಯನ ನಿಮಿತ್ತ ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ತಿಳಿಸುವ ಪ್ರಾಕೃತ ಗಾಥೆಯೊಂದಿದೆ. ಕಾವ್ಯದೃಷ್ಟಿಯಿಂದ ಅದರಲ್ಲಿ ಸೊಗಸು ಕಡಿಮೆ. ಅದರ ಯೋಗ್ಯತೆಯನ್ನು ಬೇರೊಂದು ತಕ್ಕಡಿಯಲ್ಲಿ ತೂಗಬೇಕು.

ಗಾಥೆಯ 29 ಅಕ್ಷರಗಳು ಕಟಪಯಾದಿ ಕ್ರಮದಲ್ಲಿ 29 ಅಂಕೆಗಳಾಗಿವೆ. ಮೊದಲ ‘ತ’ಕಾರ 6, ಕೊನೆಯ ‘ಸ’ಕಾರ 7. ಬಲದಿಂದ ಎಡಕ್ಕೆ ಬರೆದುಕೊಂಡು ಹೋದರೆ ದೊರೆಯುವ ಸಂಖ್ಯೆ 79228162514264337593543950336.

ಇದನ್ನು ಕಂಡು ಕೈಮುಗಿದು ಮುಂದೆ ಸಾಗುವುದು ನಮ್ಮ ಪ್ರವಚನಗಳ ರೂಢಿ. ಆಚಾರ್ಯರ ಅಭಿಪ್ರಾಯ ಹಾಗಿಲ್ಲ. ಈ ರಾಶಿಯು ಎರಡರ ಐದನೆಯ ವರ್ಗದ ಘನಕ್ಕೆ ಸಮವೆಂಬ ಸೂತ್ರವನ್ನೂ ಅವರು ಕೊಟ್ಟಿದ್ದಾರೆ. 2ರ ವರ್ಗ 4; ಅದರ ವರ್ಗ 16; ಬಳಿಕ 256, 65,536; ಐದನೆಯದು 4,29,49,67,296. ಇದನ್ನು ಮೂರು ಬಾರಿ ಇಟ್ಟು ಗುಣಿಸಿದರೆ ಮೇಲಿನ ಸಂಖ್ಯೆಯೇ ಬರುತ್ತದೆ. ಅದನ್ನು 96 ಸಲ ಅರ್ಧಿಸಿದರೆ 1 ಉಳಿಯುತ್ತದೆ. ವೀರಸೇನಾಚಾರ್ಯರ ‘ಧವಲಾ’ ಟೀಕೆಯ ಪರಿಭಾಷೆಯಲ್ಲಿ ಇದರ ಅರ್ಧಚ್ಛೇದ 96. ಇದು ವರ್ಗವೂ ಹೌದು, ಘನವೂ ಹೌದು. 1ನ್ನು ಬಿಟ್ಟರೆ ಯಾವ ಬೆಸಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸಲಾರದು.

ಗಾಥೆಯಲ್ಲಿ ಒಂದು ದೌರ್ಬಲ್ಯವೂ ಇದೆ. ಪ್ರಾಕೃತದಲ್ಲಿ ‘ನ’ಕಾರ ‘ಣ’ಕಾರವಾಗುವುದು ಸಾಮಾನ್ಯ. ಲಿಪಿಕಾರನು ನಾಲ್ಕನೆಯ ಅಕ್ಷರವಾದ ‘ನ’ವನ್ನು ‘ಣ’ವೆಂದು ಬರೆದರೆ ಸೊನ್ನೆಯು ಐದಾಗುತ್ತದೆ, ಛಂದಸ್ಸು ಕೆಡದು, ಲೆಕ್ಕ ಕೆಡುತ್ತದೆ. ಆಗ ನೆರವಿಗೆ ಬರುವುದು ಸೂತ್ರ. ಅಂಗಡಿಯ ಲೆಕ್ಕಿಗನು ಬಲ್ಲ ಒಂಬತ್ತರ ತಾಳೆಯೂ ಸಾಕು: ಶುದ್ಧಪಾಠದ ಅಂಕೆಗಳ ಮೊತ್ತ 127, ಒಂಬತ್ತರಿಂದ ಭಾಗಿಸಿದರೆ ಶೇಷ 1, ತಪ್ಪುಪಾಠದ ಮೊತ್ತ 132, ಶೇಷ 6. ಆದರೆ ಅಂಕೆಗಳು ಸ್ಥಾನಪಲ್ಲಟವಾದರೆ ಈ ತಾಳೆಗೆ ತಿಳಿಯದು. ಅಲ್ಲಿ ಸೂತ್ರವೊಂದೇ ಪ್ರಮಾಣ.

ಇನ್ನೊಂದು ಎಚ್ಚರ ಅಗತ್ಯ. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭೂಮಿಯ ಜನಸಂಖ್ಯೆ 800 ಕೋಟಿಯನ್ನು ಮುಟ್ಟಿತು. ಆಗಮದ ಸಂಖ್ಯೆಯು ಎರಡೂವರೆ ದ್ವೀಪಗಳ ಮನುಷ್ಯಕ್ಷೇತ್ರಕ್ಕೆ ಸಂಬಂಧಿಸಿದುದು. ಎರಡನ್ನೂ ಒಂದೇ ಖಾತೆಗೆ ಬರೆದು ವಿಜ್ಞಾನ ಸೋತಿತೆಂದು ಬೀಗುವುದೂ, ಆಗಮ ಸುಳ್ಳಾಯಿತೆಂದು ಕುಗ್ಗುವುದೂ ಅವಿವೇಕ.

ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರವೆಂದು ಎಣಿಸಿದ ಪರಂಪರೆ ನಮ್ಮದು. ಅಜಾಗರೂಕತೆಯಿಂದಾದ ಅಚ್ಚಿನ ತಪ್ಪು ಕೂಟಲೇಖವಲ್ಲ, ನಿಜ. ಆದರೆ ಪರೀಕ್ಷಿಸಲು ಸಾಧನವಿದ್ದೂ ಪರೀಕ್ಷಿಸದೆ ಆಚಾರ್ಯರ ಹೆಸರಿನಲ್ಲಿ ಅಂಕೆಗಳನ್ನು ಹಂಚುವುದು ಶ್ರಾವಕನಿಗೆ ತಕ್ಕುದಲ್ಲ. ಬಸದಿಗಳ ಆಡಳಿತ ಮಂಡಳಿಗಳು ಈ ಗಾಥೆಯನ್ನು ಮುದ್ರಿಸುವಾಗ ಸೂತ್ರವನ್ನೂ ಜೊತೆಯಲ್ಲಿ ಮುದ್ರಿಸಲಿ. ಪಾಠಶಾಲೆಯ ಮಕ್ಕಳು ಗುಣಿಸಿ ನೋಡಲಿ. ಬೆರಗಿನಿಂದ ಹುಟ್ಟಿದ ಶ್ರದ್ಧೆಗಿಂತ ತಾಳೆ ನೋಡಿ ದೃಢವಾದ ಶ್ರದ್ಧೆ ಹೆಚ್ಚು ಕಾಲ ಬಾಳುತ್ತದೆ.